ಸಿಎಸ್‌2 ಐಟಂ ರೇಟ್ ಟ್ರ್ಯಾಕ್ ಮಾಡೋದು ಹೆಂಗೆ?

ಪ್ರಶ್ನೆ: ಗುರುಗಳೇ, ವಿಜಯನಗರದಲ್ಲಿ ಪಿಜಿಲಿದೀನಿ, ಕೌಂಟರ್-ಸ್ಟ್ರೈಕ್ 2 (ಸಿಎಸ್‌2) ಅನ್ನೋ ಗನ್ ಗೇಮ್ ಆಡ್ತೀನಿ. ಅದ್ರಲ್ಲಿ ಬರೋ ಕೇಸ್ (ತೆರೆದ್ಮೇಲೇ ಒಳಗೇನಿದೆ ಅಂತ ಗೊತ್ತಾಗೋ ಪೆಟ್ಟಿಗೆ), ಸ್ಕಿನ್ (ಗನ್ ಮೇಲಿನ ಬಣ್ಣ-ಡಿಸೈನ್) ಈಗ ತಗೊಂಡಿಟ್ಟು ಆಮೇಲೆ ಮಾರೋಣ ಅಂತ ಐಡಿಯಾ, ರೇಟ್ ಮೇಲೆ ಕಣ್ಣಿಡೋಕೆ ಯಾವ ದಾರಿ ಒಳ್ಳೇದು?

ಉತ್ತರ 1: ಮಗಾ, ಒಂದು ಶೀಟ್ ಮಾಡ್ಕೋ, ತಗೊಂಡ ರೇಟ್, ಇವತ್ತಿನ ರೇಟ್, ಮಾರಿದ್ರೆ ಕೈಗೆ ಬರೋದು. ಈ ಕೊನೇ ಕಾಲಂ ಮಾತ್ರ ಬಿಡ್ಬೇಡ. ಈ ಐಟಂ ಕೊಳ್ಳೋದು-ಮಾರೋದು ಸ್ಟೀಮ್ ಅನ್ನೋ ಗೇಮ್ ಸೈಟ್ ಮಾರ್ಕೆಟಲ್ಲಿ. ಸ್ಟೀಮ್‌ದು 5%, ಗೇಮ್‌ದು 10% ಫೀಸ್ ಇದೆ, ಅಂದ್ರೆ ಕೊಳ್ಳೋನು 115 ರೂಪಾಯಿ ಕೊಟ್ರೆ ನಿಂಗೆ ಸಿಗೋದು 100, ಸೋ ನೂರಕ್ಕೆ ತಗೊಂಡಿದ್ದು 115ಕ್ಕೆ ಹೋದ್ರೂ ಲಾಭ ಸೊನ್ನೆ. ಆ ದುಡ್ಡೂ ಸ್ಟೀಮ್ ವಾಲೆಟ್‌ನಲ್ಲೇ ಇರತ್ತೆ, ಬ್ಯಾಂಕಿಗೆ ಬರಲ್ಲ.

ಉತ್ತರ 2: ಲಿಸ್ಟಿಂಗ್ ರೇಟ್ (ಮಾರೋರು ಕೇಳೋ ರೇಟ್) ನಂಬ್ಬೇಡಿ ಬ್ರೋ, ನಿಜವಾಗ್ಲೂ ಎಷ್ಟಕ್ಕೆ ಎಷ್ಟು ಪೀಸ್ ಮಾರಾಟ ಆಯ್ತು ಅನ್ನೋ ಗ್ರಾಫ್ ಸ್ಟೀಮ್ ಮಾರ್ಕೆಟಲ್ಲಿ ಆ ಐಟಂ ಪೇಜಲ್ಲೇ ಇರತ್ತೆ. ಗೇಮ್ ಅಪ್ಡೇಟ್ ಮೇಲೂ ಕಣ್ಣಿರ್ಲಿ. 2025ರ ಅಕ್ಟೋಬರ್‌ನಲ್ಲಿ ಐದು ಕೆಂಪು ದರ್ಜೆಯ (ಅಪರೂಪದ) ಸ್ಕಿನ್ ಕೊಟ್ರೆ ಅದಕ್ಕಿಂತ ಅಪರೂಪದ ಚಾಕು ಇಲ್ಲಾ ಗ್ಲೌಸ್ ಸಿಗೋ ಹಾಗೆ ಮಾಡಿದ್ರು, ಚಾಕು ರೇಟ್ ದಬಕ್ ಅಂತ ಬಿತ್ತು, ಕೆಂಪು ಸ್ಕಿನ್ ಏರ್ತು. ಒಂದೇ ಐಟಂಗೆ ಎಲ್ಲಾ ಸುರೀಬೇಡಿ, ಬಾಡಿಗೆ ದುಡ್ಡಂತೂ ಮುಟ್ಲೇಬೇಡಿ.

ಪ್ರಶ್ನೆ ಕೇಳಿದವ: ಥ್ಯಾಂಕ್ಸ್ ಗುರು, ಶೀಟ್ ಶುರು ಮಾಡ್ತೀನಿ. ಮಾರ್ಕೆಟ್‌ನಲ್ಲಿ ತಗೊಂಡಿದ್ದನ್ನ ಆವಾಗ್ಲೇ ಬೇರೆ ಆಟಗಾರರ ಜೊತೆ ಟ್ರೇಡ್ (ಅದಲು ಬದಲು) ಮಾಡ್ಬೋದಾ?

ಉತ್ತರ 1: ಇಲ್ಲ ಮಗಾ, 7 ದಿನ ಲಾಕ್.