ಅಂಗಮಾರಿಯೋ ಕೇದಿಗೆಯೋ? ಜೋಳದ ಗರಿ ರೋಗದ ಹೆಸರಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ಒಂದು ಪದದ ದೆಸೆಯಿಂದ ಈ ಮಳೆಗಾಲ ನನಗೆ ಒಂದು ಸಿಂಪಡಣೆಯ ಖರ್ಚು ದಂಡವಾಯಿತು. ಅದಕ್ಕೇ ಕೇಳುತ್ತಿದ್ದೇನೆ.

ಶಿಕಾರಿಪುರದ ಕಡೆ ನಮ್ಮದು ಎರಡು ಎಕರೆ ಮೆಕ್ಕೆಜೋಳ. ಸೂಲಂಗಿ ಬರುವ ಹೊತ್ತಿಗೆ ಕೆಳಗಿನ ಗರಿಗಳಲ್ಲಿ ಉದ್ದುದ್ದ ಮಚ್ಚೆ ಕಂಡವು. ನಡುವೆ ಅಗಲ, ಎರಡು ತುದಿಯೂ ಚೂಪು, ಥೇಟ್ ದೋಣಿ. ಬಣ್ಣ ಒಣಹುಲ್ಲಿನದು. ಕೆಲವು ಅರ್ಧ ಗೇಣು ಉದ್ದ ಇದ್ದವು. ಜಿಟಿಜಿಟಿ ಮಳೆ, ತಂಪು ಬೇರೆ. ನೋಡನೋಡುತ್ತಾ ಮೇಲಿನ ಗರಿಗೂ ಹತ್ತಿತು. ಪಕ್ಕದ ಹೊಲದ ಅಜ್ಜ ಬದುವಿನ ಮೇಲೆ ನಿಂತೇ "ಕೇದಿಗೆ ಬಿದ್ದೈತಲ್ಲೋ" ಅಂದರು. ನಾನು ಗೊಬ್ಬರದ ಅಂಗಡಿಗೆ ಹೋಗಿ ಅದನ್ನೇ ಹೇಳಿದೆ. ಅವರು ಮೆಟಲಾಕ್ಸಿಲ್, ಮ್ಯಾಂಕೋಜೆಬ್ ಅನ್ನುವ ಎರಡು ಶಿಲೀಂಧ್ರನಾಶಕ ಸೇರಿದ ಪುಡಿ ಕೊಟ್ಟರು. ಅವರ ತಪ್ಪೇನಿಲ್ಲ, ಕೇದಿಗೆಗೆ ಮೆಟಲಾಕ್ಸಿಲ್ಲೇ ಮದ್ದು.

ಆದರೆ ಇದು ಕೇದಿಗೆ ಅಲ್ಲ. ಕೇದಿಗೆ ರೋಗ ಬಂದರೆ ಗರಿಗಳು ಕಿರಿದಾಗಿ, ನೆಟ್ಟಗೆ ನಿಂತು, ಹಳದಿ ಬಿಳಿಯಾಗುತ್ತವೆ. ಕೇದಿಗೆ ಹೂವಿನ ಎಸಳೇ ಸರಿ. ಬೆಳಿಗ್ಗೆ ಗರಿ ತಿರುವಿದರೆ ಅಡಿಯಲ್ಲಿ ಬಿಳಿ ಬೂಷ್ಟು. ಹೆಸರಿಟ್ಟವರ ಕಣ್ಣು ಎಷ್ಟು ಚುರುಕು ಅಲ್ವಾ! ನಮ್ಮ ಹೊಲದ್ದಕ್ಕೆ ಕೃಷಿ ಪುಸ್ತಿಕೆಗಳಲ್ಲಿ 'ಟರ್ಸಿಕಂ ಎಲೆ ಅಂಗಮಾರಿ' ಅಂತಾರೆ. ಮಚ್ಚೆ ಕಂಡ ಕೂಡಲೇ ಲೀಟರ್ ನೀರಿಗೆ 2.5 ಗ್ರಾಂ ಮ್ಯಾಂಕೋಜೆಬ್ ಹೊಡೆದಿದ್ದರೆ ಸಾಕಿತ್ತು. ಪುಡಿಯಲ್ಲಿದ್ದ ಮ್ಯಾಂಕೋಜೆಬ್ ಅಷ್ಟಿಷ್ಟು ಕೆಲಸ ಮಾಡಿರಬಹುದು. ದುಡ್ಡು ಕೊಟ್ಟಿದ್ದು ಮಾತ್ರ ಮೆಟಲಾಕ್ಸಿಲ್‌ಗೆ.

ಈ 'ಟರ್ಸಿಕಂ' ಕೂಡ ತಮಾಷೆಯ ಪದ. 1876ರಲ್ಲಿ ಇಟಲಿಯ ಸಸ್ಯವಿಜ್ಞಾನಿ ಪಾಸ್ಸೆರಿನಿ ಈ ರೋಗದ ಶಿಲೀಂಧ್ರಕ್ಕೆ ಇಟ್ಟ ಹೆಸರು. ಅಲ್ಲಿಯವರಿಗೆ ಮೆಕ್ಕೆಜೋಳ ಅಂದರೆ 'ಗ್ರಾನ್‌ತುರ್ಕೊ', ತುರ್ಕರ ಕಾಳು. ನಮ್ಮಲ್ಲೂ 'ಮೆಕ್ಕೆ'ಯನ್ನು ಮೆಕ್ಕಾಕ್ಕೆ ಗಂಟು ಹಾಕುವವರಿದ್ದಾರೆ. ಪಾಪ, ಬೆಳೆ ಹುಟ್ಟಿದ್ದು ಮೆಕ್ಸಿಕೋದಲ್ಲಿ. ಗೋವಿನಜೋಳ, ಮುಸುಕಿನ ಜೋಳ ಅನ್ನುವವರಿಗೆ ಈ ರಗಳೆಯೇ ಇಲ್ಲ.

ನನ್ನ ಪ್ರಶ್ನೆ 'ಅಂಗಮಾರಿ'ಯದು. ಭತ್ತಕ್ಕೆ 'ದುಂಡಾಣು ಅಂಗಮಾರಿ' ಇದೆ, ಆಲೂಗಡ್ಡೆಗೂ ಅಂಗಮಾರಿ ಇದೆ. ಒಂದು ದುಂಡಾಣುವಿನಿಂದ (ಬ್ಯಾಕ್ಟೀರಿಯಾ), ಇನ್ನೊಂದು ಬೂಷ್ಟಿನಿಂದ. ಹಾಗಾದರೆ ಇದು ಒಂದು ರೋಗದ ಹೆಸರಲ್ಲ, ಸುಟ್ಟ ಹಾಗೆ ಒಣಗುವ ಎಲ್ಲದಕ್ಕೂ ಸಲ್ಲುವ ಪದ ಅನ್ನಿಸುತ್ತದೆ. ಅಂಗಕ್ಕೆ ಬಡಿದ ಮಾರಿ ಅಂತ ನಾನು ಬಿಡಿಸಿಕೊಂಡಿದ್ದೇನೆ, ಸರಿಯೇ? ನಮ್ಮ ಸೀಮೆಯಲ್ಲಿ ಮಾರಿಯನ್ನು ಊರ ಗಡಿ ದಾಟಿಸಿ ಬರುತ್ತಾರೆ. ಈ ಮಾರಿ ಹಾಗೆ ಹೋಗುವುದಿಲ್ಲ, ಹೊಲದಲ್ಲಿ ಬಿಟ್ಟ ಕೂಳೆ, ರವದಿಯಲ್ಲೇ ಕೂತಿರುತ್ತದೆ. ಆಳವಾಗಿ ಉತ್ತು ಮುಚ್ಚಬೇಕು, ಮುಂದಿನ ಸಲ ಅಲ್ಲಿ ಜೋಳ ಬಿಟ್ಟು ಬೇರೆ ಬೆಳೆ ಹಾಕಬೇಕು.

ನಮ್ಮ ಮನೆಯಲ್ಲಿ ಯಾರೂ ಅಂಗಮಾರಿ ಅಂದಿದ್ದು ಕೇಳಿಲ್ಲ. "ಗರಿ ಸುಟ್ಟಂಗಾಗೈತೆ" ಅಂತಾರೆ ಅಷ್ಟೆ. ಭತ್ತಕ್ಕೆ 'ಬೆಂಕಿ ರೋಗ', ಅಡಿಕೆಗೆ 'ಕೊಳೆ' ಅನ್ನುವಷ್ಟು ಚೊಕ್ಕ ಮಾತು ಜೋಳದ ಈ ದೋಣಿ ಮಚ್ಚೆಗೆ ಇಲ್ಲವೇ? ಸೊರಬ, ಸಾಗರ, ಹೊನ್ನಾಳಿ ಕಡೆಯವರು ಏನಂತೀರಿ? ಅಂಗಡಿಯವರಿಗೆ ಒಂದೇ ಮಾತಿಗೆ ತಿಳಿಯುವಂಥದ್ದಿದ್ದರೆ ಹೇಳಿ. ಅಜ್ಜನಿಗೂ ಹೇಳಬೇಕು, ಅವರಿನ್ನೂ ಕೇದಿಗೆ ಅಂತಲೇ ಹಟ ಹಿಡಿದಿದ್ದಾರೆ.