ಸಹಾಯ ಬೇಕು: ರಾತ್ರಿ ಶಾಲೆಯಲ್ಲಿ ಓದಿದವರು ಮಾತಿಗೆ ಸಿಗಬಹುದೇ?

ಎಲ್ಲರಿಗೂ ನಮಸ್ಕಾರ. ಮುಂಬೈಯಲ್ಲಿ ಎಂ.ಎ. ಓದುತ್ತಿದ್ದೇನೆ, ವಿಷಯ ಬಾಲ್ಯ ಮತ್ತು ಯುವಜನರ ಅಧ್ಯಯನ. ಊರು ಬಿಟ್ಟು ಬಂದು ಹೋಟೆಲ್ ಸೇರಿದ ಕನ್ನಡದ ಹುಡುಗರ ಬಾಲ್ಯದ ಬಗ್ಗೆ ಪ್ರಬಂಧ ಬರೆಯಬೇಕು.

ಕುಂದಾಪುರದ ಕಡೆಯಿಂದ ಬಂದಾಗ ನನ್ನಪ್ಪನಿಗೆ 11 ವರ್ಷ. ಹಗಲಿಡೀ ಗ್ಲಾಸು ತೊಳೆದು ಬೆರಳ ಸಂದು ಬಿಳಿಚಿಕೊಂಡು, ಪೆನ್ಸಿಲ್ ಹಿಡಿದರೆ ಉರಿಯುತ್ತಿತ್ತಂತೆ. ಆದರೂ ಕನ್ನಡ ರಾತ್ರಿ ಶಾಲೆ ತಪ್ಪಿಸಲಿಲ್ಲ.

ಹೋಟೆಲ್, ಢಾಬಾಗಳಲ್ಲಿ 14ರೊಳಗಿನ ಮಕ್ಕಳ ದುಡಿಮೆಗೆ ನಿಷೇಧ ಬಂದದ್ದೇ 2006ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ಹೀಗೆ ದುಡಿದು ಓದಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಎಲ್ಲಿ ಮಲಗುತ್ತಿದ್ದರು, ಯಾವಾಗ ಆಡುತ್ತಿದ್ದರು, ಊರಿಗೆ ಕಾಗದ ಯಾರು ಬರೆದುಕೊಡುತ್ತಿದ್ದರು, ಇಂಥವೇ ನನಗೆ ಬೇಕು. ಒಂದು ಗಂಟೆ ಸಾಕು. ಡೊಂಬಿವಲಿಯಾದರೂ ಸರಿ, ಮೀರಾ ರೋಡ್ ಆದರೂ ಸರಿ, ನಾನೇ ಬರುತ್ತೇನೆ. ಹೆಸರು ಬದಲಿಸಿಯೇ ಬರೆಯುತ್ತೇನೆ. ಹಳೆಯ ನೋಟ್‌ಬುಕ್, ಶಾಲೆಯ ಫೋಟೋ ಇದ್ದರೆ ಒಮ್ಮೆ ನೋಡಲು ಕೊಡಿ.