ಟೊಮೆಟೊ ಬುಡ ಕೊಳೆ: ಮಣ್ಣಿನಲ್ಲಿ ಉಳಿದ ಸಾಸಿವೆಯಂಥ ಗುಂಡುಗಳಿಗೆ ಪರಿಹಾರವೇನು?

ಪ್ರಶ್ನೆ (ಟೊಮೆಟೊ ಬೆಳೆಗಾರ, ಮುಳಬಾಗಿಲು ತಾಲ್ಲೂಕು): ನಮಸ್ಕಾರ ಮೇಡಂ. ನಮ್ಮದು ಎರಡು ಎಕರೆ ಕೆಂಪು ಮಣ್ಣಿನ ಜಮೀನು. ಮೂರು ವರ್ಷಗಳಿಂದ ಟೊಮೆಟೊ, ಅದರ ಹಿಂದೆ ಬೀನ್ಸ್, ಮತ್ತೆ ಟೊಮೆಟೊ ಎಂಬಂತೆ ಬೆಳೆಯುತ್ತಿದ್ದೇವೆ. ಈ ಸಲ ಕಾಯಿ ಕಚ್ಚುವ ಹೊತ್ತಿಗೆ ಗಿಡಗಳು ಅಲ್ಲಲ್ಲಿ ಗುಂಪಾಗಿ ಬಾಡಿ ಒಣಗಿದವು. ಕಿತ್ತು ನೋಡಿದರೆ ಬುಡದ ಸುತ್ತ ಹತ್ತಿಯಂಥ ಬಿಳಿ ಬೂಷ್ಟು, ಅದರಲ್ಲಿ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಇದ್ದವು. ಸೊರಗು ರೋಗ ತಡೆಯುವುದೆಂದು ಅರ್ಕಾ ರಕ್ಷಕ್ ಎಂಬ ಟೊಮೆಟೊ ತಳಿಯನ್ನು ನಾಟಿ ಮಾಡಿದ್ದೆವು. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ದ್ರಾವಣವನ್ನು ಎರಡು ಸಲ ಬುಡಕ್ಕೆ ಸುರಿದೆವು. ಯಾವುದೂ ಫಲ ಕೊಡಲಿಲ್ಲ. ಮುಂದೇನು ಮಾಡಬೇಕು?

ಉತ್ತರ (ಸಸ್ಯರೋಗ ತಜ್ಞೆ): ನೀವು ಗಿಡ ಕಿತ್ತು ಬುಡ ನೋಡಿದ್ದರಿಂದಲೇ ರೋಗ ಗುರುತಿಸಲು ಸಾಧ್ಯವಾಯಿತು. ಇದು ಸ್ಕ್ಲೆರೋಷಿಯಂ ರಾಲ್ಫ್‌ಸಿ ಎಂಬ ಶಿಲೀಂಧ್ರದಿಂದ ಬರುವ ಬುಡ ಕೊಳೆ ರೋಗ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಇರುವುದು ಎಲೆ ಮುರುಟು ನಂಜು, ದುಂಡಾಣು ಸೊರಗು ಮತ್ತು ಎಲೆ ಅಂಗಮಾರಿಗಳನ್ನು ತಡೆಯುವ ಗುಣ. ಬುಡ ಕೊಳೆಗೆ ಅದು ಉತ್ತರವಲ್ಲ. ದುಂಡಾಣು ಸೊರಗಾಗಿದ್ದರೆ ಕತ್ತರಿಸಿದ ಕಾಂಡವನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟಾಗ ಕೆಲವೇ ನಿಮಿಷಗಳಲ್ಲಿ ಹಾಲಿನ ಎಳೆಯಂಥ ಸ್ರಾವ ಇಳಿಯುತ್ತದೆ. ಕಾರ್ಬೆಂಡಜಿಮ್ ಕೂಡ ಈ ಶಿಲೀಂಧ್ರದ ಮೇಲೆ ಹೆಚ್ಚು ಕೆಲಸ ಮಾಡುವುದಿಲ್ಲ. ನಿಮ್ಮ ಹಣ ಹೀಗೆ ಮಣ್ಣುಪಾಲಾದದ್ದು ನನಗೆ ನಿಜಕ್ಕೂ ಬೇಸರ ತಂದಿದೆ.

ಆ ಕಂದು ಗುಂಡುಗಳೇ ಈ ರೋಗದ ಬೀಜವಿದ್ದಂತೆ. ಅವು ಮಣ್ಣಿನ ಮೇಲ್ಪದರದಲ್ಲಿ ಹಲವು ವರ್ಷ ಜೀವಂತವಾಗಿರುತ್ತವೆ, ಸೆಕೆ ಮತ್ತು ತೇವ ಕೂಡಿದಾಗ ಮೊಳೆಯುತ್ತವೆ, ಹತ್ತಿರದಲ್ಲಿ ಅರೆಕೊಳೆತ ಗೊಬ್ಬರವೋ ಕಸಕಡ್ಡಿಯೋ ಇದ್ದರೆ ಮೊದಲು ಅದನ್ನು ತಿಂದು ಬಲಿತು ಆಮೇಲೆ ಗಿಡದ ಬುಡಕ್ಕೆ ಹಬ್ಬುತ್ತವೆ. ಆದ್ದರಿಂದ ಹಸಿ ಸಗಣಿ ಗೊಬ್ಬರವನ್ನು ನಾಟಿಯ ಮುನ್ನ ಸಾಲಿಗೆ ಸುರಿಯುವ ರೂಢಿಯನ್ನು ಮೊದಲು ಬಿಡಬೇಕು. ರೋಗ ಬಂದ ಗಿಡಗಳನ್ನು ಬುಡದ ಸುತ್ತಲ ಮಣ್ಣಿನ ಸಮೇತ ತೆಗೆದು ಸುಡಿ. ಬದುವಿನ ಮೇಲೆ ಎಸೆದರೆ ಮುಂದಿನ ಮಳೆಗೆ ಅವು ಮತ್ತೆ ಹೊಲಕ್ಕೇ ಬರುತ್ತವೆ.

ಬೆಳೆ ಮುಗಿದ ಮೇಲೆ ಮಣ್ಣು ಮಗುಚುವ ನೇಗಿಲಿನಿಂದ 20 ಸೆಂಟಿಮೀಟರಿಗೂ ಆಳವಾಗಿ ಒಮ್ಮೆ ಉಳುಮೆ ಮಾಡಿದರೆ ಗುಂಡುಗಳು ಕೆಳಗೆ ಹೂತು ಮೊಳೆಯಲಾರದೆ ಹೋಗುತ್ತವೆ. ಅದರ ನಂತರದ ಉಳುಮೆಗಳು ಮೇಲುಮೇಲಿನವೇ ಆಗಿರಲಿ, ಇಲ್ಲವಾದರೆ ಹೂತದ್ದನ್ನು ನಾವೇ ಮೇಲಕ್ಕೆ ತಂದಂತಾಗುತ್ತದೆ. ಎರಡು ವರ್ಷವಾದರೂ ಆ ಜಾಗದಲ್ಲಿ ಮುಸುಕಿನ ಜೋಳ ಅಥವಾ ಜೋಳ ಬೆಳೆಯಿರಿ. ಬೀನ್ಸ್, ಮೆಣಸಿನಕಾಯಿ, ಬದನೆ, ನೆಲಗಡಲೆಗಳೆಲ್ಲ ಈ ಶಿಲೀಂಧ್ರಕ್ಕೆ ಆಹಾರವೇ. ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಹಾಕುವುದನ್ನೂ ಸದ್ಯಕ್ಕೆ ನಿಲ್ಲಿಸಿ.

ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾವನ್ನು ಪುಡಿಯಾಗಿಯೇ ಎರಚುವುದಕ್ಕಿಂತ ಗೊಬ್ಬರದಲ್ಲಿ ಬೆಳೆಸಿ ಹಾಕುವುದು ಮೇಲು. ಚೆನ್ನಾಗಿ ಕಳಿತ ಒಂದು ಟನ್ ಕೊಟ್ಟಿಗೆ ಗೊಬ್ಬರಕ್ಕೆ 100 ಕಿಲೋ ಬೇವಿನ ಹಿಂಡಿ ಮತ್ತು 2 ಕಿಲೋ ಟ್ರೈಕೋಡರ್ಮಾ ಬೆರೆಸಿ, ನೆರಳಿನಲ್ಲಿ ಗುಡ್ಡೆ ಮಾಡಿ, ನೀರು ಚಿಮುಕಿಸಿ, ಗೋಣಿ ಚೀಲ ಹೊದಿಸಿ, ವಾರಕ್ಕೊಮ್ಮೆ ತಿರುವಿ ಹಾಕುತ್ತ 15 ದಿನ ಬಿಟ್ಟು ಅನಂತರ ನಾಟಿ ಸಾಲಿಗೆ ಸೇರಿಸಿ.

ಪ್ರಶ್ನೆ (ಮತ್ತೊಬ್ಬ ಸದಸ್ಯರು, ಶ್ರೀನಿವಾಸಪುರ): ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹೊದಿಸಿ ಮಣ್ಣನ್ನು ಕಾಯಿಸಬಹುದೆಂದು ಕೇಳಿದ್ದೇನೆ. ನಮ್ಮಲ್ಲಿ ಉಳಿದಿರುವ ಬೆಳ್ಳಿ–ಕಪ್ಪು ಮಲ್ಚಿಂಗ್ ಹಾಳೆಯನ್ನೇ ಬಳಸಬಹುದೇ?

ಉತ್ತರ: ಆ ಹಾಳೆ ಈ ಕೆಲಸಕ್ಕೆ ಒದಗುವುದಿಲ್ಲ. ಬಿಸಿಲು ಹಾಳೆಯನ್ನು ದಾಟಿ ಮಣ್ಣಿಗೆ ತಾಗಬೇಕಾದ್ದರಿಂದ ಸುಮಾರು 25 ಮೈಕ್ರಾನ್‌ನ ಪಾರದರ್ಶಕ ಹಾಳೆಯೇ ಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಹೆಂಟೆ ಒಡೆದು, ನೆಲ ಸಮ ಮಾಡಿ, ನೀರು ಹಾಯಿಸಿ, ಹಾಳೆಯನ್ನು ಮಣ್ಣಿಗೆ ಅಂಟಿದಂತೆ ಎಳೆದು ಅಂಚುಗಳನ್ನು ಮಣ್ಣಿನಲ್ಲಿ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಬೇಕು. ಒಣ ಮಣ್ಣಿನಲ್ಲಿ ಶಾಖ ಆಳಕ್ಕೆ ಇಳಿಯುವುದಿಲ್ಲ. ಇಡೀ ಹೊಲಕ್ಕೆ ಹೊದಿಸುವುದು ದುಬಾರಿ. ಸಸಿಮಡಿಗೂ, ಕಳೆದ ಬಾರಿ ಗಿಡ ಸತ್ತ ಜಾಗಗಳಿಗೂ ಮಾತ್ರ ಮಾಡಿದರೆ ಸಾಕೆಂಬುದು ನನ್ನ ಅಭಿಪ್ರಾಯ. ಶಾಖಕ್ಕೆ ಸಾಯದೆ ಉಳಿದ ಗುಂಡುಗಳೂ ಬಲಹೀನವಾಗಿರುವುದರಿಂದ ಹಾಳೆ ತೆಗೆದ ಕೂಡಲೇ ಟ್ರೈಕೋಡರ್ಮಾ ಗೊಬ್ಬರ ಸೇರಿಸುವುದು ಬಹಳ ಮುಖ್ಯ.

ಪ್ರಶ್ನೆ (ಮೊದಲಿನ ಬೆಳೆಗಾರ): ಉಳಿದಿರುವ ಗಿಡಗಳಿಗೆ ಈಗಲೇ ಟ್ರೈಕೋಡರ್ಮಾ ಕೊಡಬಹುದೇ ಮೇಡಂ? ಕಾರ್ಬೆಂಡಜಿಮ್ ಹಾಕಿ ನಾಲ್ಕು ದಿನವಾಗಿದೆ.

ಉತ್ತರ: ಈಗಲೇ ಬೇಡ. ಕಾರ್ಬೆಂಡಜಿಮ್ ನಿಮ್ಮ ರೋಗಾಣುವನ್ನು ಬಿಟ್ಟರೂ ಟ್ರೈಕೋಡರ್ಮಾವನ್ನು ಕೊಲ್ಲುತ್ತದೆ. ಎರಡು ಮೂರು ವಾರ ಕಳೆಯಲಿ. ಅಲ್ಲಿಯವರೆಗೆ ಬುಡಕ್ಕೆ ತಾಗುವ ಕೆಳಗಿನ ಎಲೆಗಳನ್ನು ಸವರಿ, ಹನಿ ನೀರಾವರಿಯ ತೂತು ಕಾಂಡದಿಂದ ಒಂದು ಗೇಣು ದೂರ ಇರುವಂತೆ ಪೈಪು ಸರಿಸಿ, ರೋಗವಿರುವ ಸಾಲುಗಳ ಕೆಲಸವನ್ನು ದಿನದ ಕೊನೆಗೆ ಇಟ್ಟುಕೊಂಡು ಗುದ್ದಲಿಯ ಮಣ್ಣನ್ನು ಅಲ್ಲಿಯೇ ತೊಳೆಯಿರಿ. ಟ್ರೈಕೋಡರ್ಮಾ ಕೊಳ್ಳುವಾಗ ಪೊಟ್ಟಣದ ಮೇಲಿನ ತಯಾರಿಕೆಯ ದಿನಾಂಕ ಓದಿ. ಬಿಸಿಲಿಗೆ ಇಟ್ಟಿದ್ದ ಪೊಟ್ಟಣವನ್ನು ಕೊಳ್ಳಬೇಡಿ.